ತಾಯಿ ಕ್ಲಾಸಿನ ಮಕ್ಕಳು

ಎಲ್ಲಕ್ಕೂ ಕಾರಣ ಇಪ್ಪತ್ತು ಸಾಲು. ಪ್ರಾಣಿಗಳ ಆಸ್ಪತ್ರೆಯ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಮೌನಿ ಅದರಲ್ಲಿ ನಾಲ್ಕು ಕ್ಲಾಸ್, ಅಂದರೆ ಗುಂಪು, ಮಾಡಿದ್ದ: ವೈದ್ಯರು, ನೌಕರರು, ಪ್ರಾಣಿಗಳು, ಹಂಗಾಮಿಗಳು. ಕೊನೆಯದರಲ್ಲಿ ಇದ್ದವನು ಅವನೊಬ್ಬನೇ. ಮೆಸೇಜ್ ಕಳಿಸುವ ಅದೇ ಇಪ್ಪತ್ತು ಸಾಲು ನಾಲ್ಕೂ ಕಡೆ ಬಿದ್ದಿದ್ದು ನೋಡಲಾರದೆ, ಅವುಗಳ ಮೇಲೊಂದು ತಾಯಿ ಕ್ಲಾಸ್ ಮಾಡಿ ಅಲ್ಲಿ ಒಮ್ಮೆ ಬರೆದಿಟ್ಟ. ತಾಯಿಗೆ ಕಲಿಸಿದರೆ ಮಕ್ಕಳಿಗೆಲ್ಲ ಬಂತು. ಯಾವ ಮಗುವಿಗೆ ಯಾವ ಮೆಸೇಜ್ ಎಂದು ಕಲಿಸುವುದೊಂದು ಮರೆತ.

ಅಂದು ಸಂಜೆ ಐದಕ್ಕೆ ಅವನ ಕೆಲಸ ಖಾಯಂ ಆಗುವುದಿತ್ತು. ಮೂರು ವರ್ಷ ಕಾದಿದ್ದ.

ಬೆಳಿಗ್ಗೆ ಹತ್ತಕ್ಕೆ ರಿಸೆಪ್ಷನ್ ಅಕ್ಕ ಒಂದು ನಾಯಿಯ ಯಜಮಾನರಿಗೆ ಮೆಸೇಜ್ ಹೋಗಲೆಂದು ಬಟನ್ ಒತ್ತಿದಳು. ದೊಡ್ಡ ಡಾಕ್ಟರ ಫೋನು ಕಿಣಿಗುಟ್ಟಿತು.

"ಏನಮ್ಮಾ ಇದು? 'ನಾಳೆ ಒಂಬತ್ತಕ್ಕೆ ನಿಮಗೆ ಸಂತಾನಹರಣ ಚಿಕಿತ್ಸೆ. ಖಾಲಿ ಹೊಟ್ಟೇಲಿ ಬನ್ನಿ' ಅಂತಿದೆ."

"ನಂಗೂ ಬಂತು ಸರ್. ನಿಮ್ಮದಾದ್ರೆ ನೀವೇ ಮಾಡ್ಕೋತೀರಿ, ನಾನೆಲ್ಲಿ ಹೋಗ್ಲಿ?"

ಆಫೀಸಿನ ಫೋನು ಇಟ್ಟು ಮ್ಯಾನೇಜರ್ ಒಳಗಿಂದ ಬಂದರು. "ನನ್ನ ಫೋನು ಮನೇಲೇ ಉಳಿದಿದೆ. ಹೆಂಡ್ತಿ ಓದಿ, ಬರ್ತಾರೆ ಅಂತ ಉತ್ತರಾನೂ ಕಳಿಸಿದಾಳೆ."

ಮೆಸೇಜು ಒಂದೊಂದಾಗಿ ಕ್ಲಾಸಿನಿಂದ ಕ್ಲಾಸಿಗೆ ಇಳಿಯುತ್ತಿತ್ತು; ಹಂಗಾಮಿಗಳದ್ದು ಕೊನೆಯ ಸರದಿ. ಮದುವೆಯಾಗದ ತನಗೆ ಇದು ಬಂದರೆ ಅಕ್ಕನ ಬಾಯಿಗೆ ವರ್ಷಪೂರ್ತಿ ಮೇವು ಎಂದು ಮೌನಿಗೆ ಗೊತ್ತಿತ್ತು. ಅನಾಥನಾದರೂ ಚಿಂತೆಯಿಲ್ಲ ಎಂದುಕೊಂಡು, ಹಂಗಾಮಿ ಕ್ಲಾಸನ್ನು ತಾಯಿಯ ಕೆಳಗಿನಿಂದ ಎಳೆದು ಹೊರಗಿಟ್ಟ. ಅವನ ಪಾಲಿನ ಮೆಸೇಜು ದಾರಿಯಲ್ಲೇ ನಿಂತಿತು.

ಆಮೇಲೆ ರಿಪೇರಿ. ಬೆನ್ನ ಹಿಂದೆ ಇಡೀ ಆಸ್ಪತ್ರೆ ನಿಂತಿತ್ತು.

"ಆಫ್ ಮಾಡಿ ಆನ್ ಮಾಡೋ ತಮ್ಮಾ."

"ನಮ್ಮನೆ ಮಿಕ್ಸಿನೂ ಹಿಂಗೇ ಮಾಡ್ತಿತ್ತು."

ಐದಾದರೂ ಮುಗಿಯಲಿಲ್ಲ. "ನಿನ್ನ ಖಾಯಂ ಆರ್ಡರ್ ಕಳಿಸಿ ನಾನು ಹೊರಡ್ತೀನಪ್ಪ" ಎಂದರು ಮ್ಯಾನೇಜರ್. ಮೌನಿ ಬೇಡವೆನ್ನಲು ಬಾಯಿ ತೆರೆದ. ಅವನ ಬಾಯಿಯಿಂದ ಮಾತು ಹೊರಡುವಷ್ಟರಲ್ಲಿ ಅವರು ಬಟನ್ ಒತ್ತಿಯಾಗಿತ್ತು.

ಸುತ್ತಲಿನ ಫೋನುಗಳೆಲ್ಲ ಕಿಣಿಗುಟ್ಟಿದವು.

"ಇಪ್ಪತ್ತು ವರ್ಷ ಆದ್ಮೇಲೆ ನನ್ನನ್ನ ಖಾಯಂ ಮಾಡಿದ್ರಾ?" ಎಂದರು ಡಾಕ್ಟರು.

ಅಷ್ಟರಲ್ಲಿ ನಾಯಿಯ ಯಜಮಾನರ ಫೋನು. "ನಮ್ಮ ಕರಿಯಂಗೆ ಕೆಲಸ ಆಯ್ತಂತೆ, ಸಂತೋಷ. ಬೆಳಿಗ್ಗೆ ಆಪರೇಷನ್ ಮುಗಿಸ್ಕೊಂಡು ಡ್ಯೂಟಿಗೆ ಬರಬೇಕಾ, ಹೆಂಗೆ?"

ಮೌನಿ ತನ್ನ ಫೋನು ನೋಡಿದ. ಅದು ಅವನಿಗಿಂತಲೂ ಮೌನಿ. ಕರಿಯ ಕುಟುಂಬದ ಒಳಗಿದ್ದ, ಅವನು ಹೊರಗಿದ್ದ. ಗಡಿಬಿಡಿಯಲ್ಲಿ ತನ್ನ ಕ್ಲಾಸನ್ನು ಮತ್ತೆ ತಾಯಿಯ ಮಡಿಲಿಗೆ ಸೇರಿಸತೊಡಗಿದ.

ಅತ್ತ ಮ್ಯಾನೇಜರ್ ಬೆವರೊರೆಸಿಕೊಂಡು ಇನ್ನೊಂದು ಬಟನ್ ಒತ್ತಿದರು. "ಆರ್ಡರ್ ರದ್ದು. ನಾಯಿಗೆ ಸಂಬಳ ಎಲ್ಲಿಂದ ತರ್ಲಿ? ಮುಂದಿನ ವರ್ಷ ನೋಡೋಣ."

ಇತ್ತ ಕ್ಲಾಸು ತಾಯಿಯ ಮಡಿಲು ಸೇರಿದ್ದೇ ಮೌನಿಯ ಫೋನು ಕಿಣಿಗುಟ್ಟಿತು. ಎಲ್ಲರೂ ಅವನ ಕಡೆ ತಿರುಗಿದರು.

"ರದ್ದಾಗೋಕೆ ಮುಂಚೆ ನಿಂಗೂ ಆರ್ಡರ್ ಬಂತೇನೋ. ಜೋರಾಗಿ ಓದೋ ತಮ್ಮಾ" ಎಂದಳು ಅಕ್ಕ.

ಅವನು ಸದ್ದಿಲ್ಲದೆ ಓದಿಕೊಂಡ. ಬೆಳಿಗ್ಗೆ ದಾರಿಯಲ್ಲಿ ನಿಂತಿದ್ದ ಮೆಸೇಜು ಮನೆ ಹುಡುಕಿಕೊಂಡು ಬಂದಿತ್ತು. ನಾಳೆ ಒಂಬತ್ತಕ್ಕೆ. ಖಾಲಿ ಹೊಟ್ಟೆಯಲ್ಲಿ.

ಹೊಟ್ಟೆಯೇನೋ ಬೆಳಿಗ್ಗೆಯಿಂದ ಖಾಲಿಯೇ ಇತ್ತು.