ನಾಲ್ಕು ಸಮುದ್ರಗಳ ಪಟ್ಟಿ

ಮನೆಯಿಂದ ಹೊರಡುವ ಮೊದಲೇ ಪ್ರವಾಸವನ್ನು ಮುಗಿಸಿಬಿಡುವ ವಿದ್ಯೆಯೊಂದು ನನಗೆ ಸಿದ್ಧಿಸಿದೆ. ಅದಕ್ಕೆ ಒಂದು ಹಾಳೆ, ಒಂದು ಸೀಸದಕಡ್ಡಿ ಇದ್ದರೆ ಸಾಕು. ಎಲ್ಲಿ ಇಳಿಯುವುದು, ಏನು ಉಣ್ಣುವುದು, ಎಷ್ಟು ಹೊತ್ತು ಸಂತೋಷಪಡುವುದು, ಎಲ್ಲವನ್ನೂ ಗೆರೆ ಎಳೆದು ಬರೆದಿಟ್ಟ ಮೇಲೆ ಆ ಊರಿಗೆ ನಿಜವಾಗಿ ಹೋಗುವುದು ಬರಿಯ ಶಾಸ್ತ್ರಕ್ಕೆ. ಪಿರಿಯಾಪಟ್ಟಣದಲ್ಲಿ ಮೇಷ್ಟ್ರಾದ ದಿನದಿಂದ ನಾನು ದಿನಚರಿ ತಪ್ಪಿಸಿದವನಲ್ಲ. ಎಮ್ಮೆ ಈದ ದಿನ, ನೆಗಡಿ ಬಂದ ದಿನ, ಆ ನೆಗಡಿ ಹೋದ ದಿನ, ಯಾವುದೂ ಅದರಲ್ಲಿ ಬಿಟ್ಟುಹೋಗಿಲ್ಲ. ನನ್ನ ಮದುವೆಯ ದಿನದ ಪುಟದಲ್ಲಿ ಬೀಗರ ಕಡೆಯಿಂದ ಎಷ್ಟು ಗಾಡಿ ಬಂದವು, ಯಾವ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿತ್ತು ಎಂಬುದೆಲ್ಲ ಇದೆ. ಹೆಂಡತಿಯ ಹೆಸರು ಮಾತ್ರ ಜಾಗ ಸಾಲದೆ ಮರುದಿನದ ಪುಟಕ್ಕೆ ಹೋಗಿದೆ.

ಈ ಪ್ರವಾಸ ಹುಟ್ಟಿದ್ದು ಅವ್ವನ ಆಸೆಯಿಂದ. ಭೇರ್ಯದ ನಮ್ಮ ಹೊಲಮನೆ ಬಿಟ್ಟು ಹೊರಗೆ ಕಾಲಿಟ್ಟವಳಲ್ಲ ಅವಳು. “ಒಂದ್ಸಲ ಸಮುದ್ರದಾಗೆ ಮುಳುಗಿ ಏಳ್ಬೇಕು ಕಣ್ಲಾ ಮಗ” ಎಂದು ವರ್ಷಗಟ್ಟಲೆ ಹೇಳುತ್ತಿದ್ದಳು. ಆದರೆ ಸಮುದ್ರವನ್ನು ಕಂಡಕಂಡ ದಿನ ಮುಟ್ಟುವಂತಿಲ್ಲ, ಅಮಾವಾಸ್ಯೆ ಹುಣ್ಣಿಮೆಗಷ್ಟೇ ಎನ್ನುವುದು ಅವಳ ಕಟ್ಟು. ಆ ಬೇಸಿಗೆ ರಜೆಯಲ್ಲಿ ನಾನು ಪಂಚಾಂಗ ಹಿಡಿದು ಕೂತೆ. ಅಪ್ಪ ಹೊಲ ನೋಡಿಕೊಳ್ಳುವುದು. ಅವ್ವ, ನಾನು, ನನ್ನ ಹೆಂಡತಿ ಗೌರಿ, ಸೋದರಮಾವ ಕೆಂಪಣ್ಣ ಹೊರಡುವುದು. ಮಾವ ಹಿಂದೊಮ್ಮೆ ಎತ್ತಿನ ಗಾಡಿಯಲ್ಲಿ ತಲಚೇರಿಗೆ ಹೋಗಿ ಬಂದವನಾದ್ದರಿಂದ ಮಲೆಯಾಳ ಭಾಷೆ ಅವನ ಜವಾಬ್ದಾರಿ. ಖರ್ಚು ಕಡಿಮೆ ಮಾಡಲು ರಾಗಿಹಿಟ್ಟು ಮನೆಯಿಂದಲೇ, ಮಲಗುವುದು ಪರಿಚಯದವರ ಜಗಲಿಯಲ್ಲಿ, ರೈಲಿನಲ್ಲಿ ಮೂರನೆಯ ದರ್ಜೆ. ಅಷ್ಟರಲ್ಲೇ ಕಣ್ಣಾನೂರು ಸಮುದ್ರ, ತಲಚೇರಿ ಸಮುದ್ರ, ಮಾಹೆ ಸಮುದ್ರ, ಕಲ್ಲಿಕೋಟೆ ಸಮುದ್ರ, ಒಟ್ಟು ನಾಲ್ಕು. ಮಾಹೆ ಫ್ರೆಂಚರದಾದ್ದರಿಂದ ಅದೇ ಖರ್ಚಿನಲ್ಲಿ ಪರದೇಶವೂ ಆಗಿಹೋಗುತ್ತಿತ್ತು. ಅಮಾವಾಸ್ಯೆಯನ್ನು ತೂಗಿ ಅಳೆದು ಕಲ್ಲಿಕೋಟೆಗೆ ಹಾಕಿದ್ದೆ. ಅತಿ ದೊಡ್ಡ ಊರಿನ ಸಮುದ್ರ ಅತಿ ದೊಡ್ಡದಿರಬೇಕಲ್ಲ?

ನಗಬೇಡಿ. ನಮ್ಮ ಕಡೆ ನೀರಿನ ಲೆಕ್ಕವೇ ಹಾಗೆ. ಭೇರ್ಯದ ಕೆರೆ ಭೇರ್ಯದವರದು, ಪಕ್ಕದ ಊರಿನ ಕೆರೆ ಪಕ್ಕದ ಊರಿನದು. ಒಬ್ಬರ ಕೆರೆಯ ತೂಬನ್ನು ಇನ್ನೊಬ್ಬರು ಎತ್ತಿದರೆ ತಲೆ ಒಡೆಯುತ್ತವೆ. ಹೀಗೆ ಬೆಳೆದವನು ಸಮುದ್ರವನ್ನು ಊರಿಗೊಂದರಂತೆ ಎಣಿಸದೆ ಇನ್ನು ಹೇಗೆ ಎಣಿಸಬೇಕು?

ವೀರಾಜಪೇಟೆ ದಾಟಿ ಮೋಟಾರು ಬಸ್ಸು ಘಟ್ಟ ಇಳಿಯುವಾಗ ಮಾವನ ಹೊಟ್ಟೆಯಲ್ಲಿದ್ದ ಮುದ್ದೆ, ಅದರ ಹಿಂದೆ ಅವನಿಗೆ ನೆನಪಿದ್ದ ಅಲ್ಪಸ್ವಲ್ಪ ಮಲೆಯಾಳವೂ ಹೊರಗೆ ಹೋದವು. ಕಣ್ಣಾನೂರಿನಲ್ಲಿ ಮೊದಲ ಸಮುದ್ರ ಕಂಡಾಗ ನಾಲ್ವರೂ ಬಾಯಿ ಬಿಟ್ಟುಕೊಂಡು ನಿಂತೆವು. ನಾನು ಮಾತ್ರ ಬೇಗ ಮುಚ್ಚಿಕೊಂಡೆ. ಪಟ್ಟಿಯಲ್ಲಿ ‘ನೋಡುವುದು’ ಎಂದಷ್ಟೇ ಇತ್ತು, ನೋಡಿಯಾಗಿತ್ತು.

“ಇನ್ನೊಂದೀಟು ಒತ್ತು ಕುಂತ್ಕೊಳಾನ” ಎಂದಳು ಗೌರಿ. ಅಲೆಯೊಂದು ಬಂದು ಅವಳ ಕಾಲ ಹತ್ತಿರದವರೆಗೆ ಎಟುಕಿ ಹಿಂದಕ್ಕೆ ಹೋಗುತ್ತಿತ್ತು.

“ನಾಳೆ ತಲಚೇರಿ ಸಮುದ್ರ ಇದೆಯಲ್ಲ” ಎಂದೆ.

ತಲಚೇರಿಯಲ್ಲೂ ಹಾಗೇ ಹೇಳಿದೆ. “ನಾಳೆ ಕಲ್ಲಿಕೋಟೆ ಸಮುದ್ರ ಇದೆಯಲ್ಲ, ಹಿಂದಿರುಗುವಾಗ ಮಾಹೆಯದೂ ಇದೆ.” ಅವಳು ಮತ್ತೆ ಕೇಳಲಿಲ್ಲ. ಎಷ್ಟು ಬೇಗ ಪಳಗಿದಳು ಎಂದು ನನಗೆ ಹೆಮ್ಮೆಯಾಯಿತು.

ಮರುದಿನ ಅಮಾವಾಸ್ಯೆ. ಬೆಳಗಿನ ರೈಲಿಗೆ ಹೊರಡಬೇಕು, ಜೇಬಿಗೆ ಕೈ ಹಾಕಿದರೆ ಪಟ್ಟಿ ಇಲ್ಲ! ಬರೆದಿಟ್ಟದ್ದನ್ನು ಮತ್ತೆ ನೆನಪಿಟ್ಟುಕೊಳ್ಳುವುದು ದಂಡವೆಂದು ನಾನು ನಂಬಿದವನು. ಕಲ್ಲಿಕೋಟೆಯಲ್ಲಿ ಪುಕ್ಕಟೆ ಇಳಿಯಬೇಕಿದ್ದ ಮನೆ ಯಾವ ಬೀದಿ, ಯಜಮಾನನ ಹೆಸರೇನು, ಎಲ್ಲವೂ ಆ ಹಾಳೆಯಲ್ಲೇ ಇತ್ತು. ಹಾಸಿಗೆ ಕೊಡವಿದೆ. ಅವ್ವನ ಎಲೆಅಡಿಕೆ ಸಂಚಿ ಸುರುವಿದೆ. ಮಾವನ ರುಮಾಲು ಬಿಚ್ಚಿಸಿದೆ.

“ನನ್ ತಲೇಲಿ ಏನೂ ಇಲ್ಲ ಕಣ್ಲಾ ಮೇಷ್ಟ್ರೆ, ಬುಡು” ಎಂದ ಮಾವ. ಯಾರೂ ಅದನ್ನು ಅಲ್ಲಗಳೆಯಲಿಲ್ಲ.

“ಇವತ್ತು ತಪ್ಪುದ್ರೆ ಉಣ್ಣಿಮೆವರ್ಗೂ ಸಮುದ್ರ ಮುಟ್ಟಂಗಿಲ್ವಲ್ಲೋ” ಎಂದು ಅವ್ವ ಮಡಿಸೀರೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು. ಅವಳ ಮುಖ ನೋಡಲಾರದೆ ನಾನು, ತಲಚೇರಿಯಲ್ಲಿ ನಾವು ಇಳಿದಿದ್ದ ಮನೆಯ ಯಜಮಾನ ಕಣಾರನ್ ಬಳಿಗೆ ಓಡಿದೆ. ಅವನು ಕೊಡಗಿನ ಕಾಫಿತೋಟದಲ್ಲಿ ದುಡಿದು ಒಂದಿಷ್ಟು ಕನ್ನಡ ಕಲಿತಿದ್ದ.

“ನನ್ನ ಪಟ್ಟಿ ಕಳೆದುಹೋಗಿದೆ!”

ಅವನು ಗಾಬರಿಯಾಗಿ ಎದ್ದ. “ಪಟ್ಟಿಯಾ? ನಿಮ್ಮ ಸಂಗಡ ಬಂದದ್ದಾ? ನಾನು ಕಾಣಲಿಲ್ಲವಲ್ಲಾ. ಯಾವ ಬಣ್ಣ?”

“ಬಿಳಿ. ಅಂಚಿನಲ್ಲಿ ಸ್ವಲ್ಪ ಮಾಸಿದೆ.”

“ದೊಡ್ಡದಾ?”

“ಇಲ್ಲ, ನಾಲ್ಕು ಮಡಿಕೆ ಮಾಡಿದರೆ ಜೇಬಿನಲ್ಲಿ ಹಿಡಿಸುತ್ತದೆ.”

ಕಣಾರನ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. “ಮಡಿಸುತ್ತೀರಾ? ಅದು ಸುಮ್ಮನೆ ಇರುತ್ತದಾ?”

“ಸುಮ್ಮನೆ ಇರದೆ ಏನು ಮಾಡುತ್ತದೆ? ಹಿಂದೆ ಒಂದು ಸಲ ಹರಿದಿತ್ತು, ಗಂಜಿ ಹಾಕಿ ಸರಿಮಾಡಿದ್ದೆ.”

ಗಂಜಿಯ ಮಾತು ಕೇಳಿ ಅವನ ಮುಖ ಸ್ವಲ್ಪ ಮೆತ್ತಗಾಯಿತು. ಕೂಡಲೇ ಬೀದಿಗೆ ಇಳಿದು, ಮೈಸೂರು ಸೀಮೆಯವರ ಪಟ್ಟಿ ತಪ್ಪಿಸಿಕೊಂಡಿದೆ ಎಂದು ಸಾರಿದ. ನೆರೆಯವರು ನಾಲ್ಕೂ ದಿಕ್ಕಿಗೆ ಓಡಿದರು. ಒಂದು ಹಾಳೆಗಾಗಿ ಇಡೀ ಬೀದಿ ಹೀಗೆ ಏಳುವುದಾದರೆ ಈ ಊರಿನಲ್ಲಿ ವಿದ್ಯೆಗೆ ಎಂಥ ಮರ್ಯಾದೆ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಮೊದಲು ಬಂದದ್ದು ಒಂದು ಕಿವಿ ಹರಿದ ಬಿಳಿ ನಾಯಿ. ಆಮೇಲೆ ಹಗ್ಗ ಕಟ್ಟಿಸಿಕೊಂಡು ಇನ್ನೊಂದು. ಮೂರನೆಯದನ್ನು ಮೀನು ಮಾರುವ ಹೆಂಗಸೊಬ್ಬಳು ಕಂಕುಳಲ್ಲಿ ಇರುಕಿಕೊಂಡು ತಂದು, ನನ್ನ ಕೈಗೆ ಕೊಟ್ಟು, ಬೈದಳು. ಇದನ್ನು ಮಡಿಸಿ ಜೇಬಿನಲ್ಲಿಡುವವನು ನಾನೇ ಎಂದು ಕಣಾರನ್ ಮೊದಲೇ ಹೇಳಿಬಿಟ್ಟಿದ್ದನಂತೆ.

“ನಾಯಿ ಯಾಕೆ ತಂದಿರಿ? ನನಗೆ ಪಟ್ಟಿ ಬೇಕು!” ಎಂದು ಕೂಗಿದೆ.

“ಇದು ಪಟ್ಟಿಯಲ್ಲದೆ ಪೂಚೆಯಾ?” ಎಂದು ಅವನೂ ಕೂಗಿದ.

ಆಗ ಮಾವನಿಗೆ ಘಟ್ಟದಲ್ಲಿ ಕಳೆದುಹೋಗಿದ್ದ ಮಲೆಯಾಳ ಹಿಂದಿರುಗಿ ಬಂತು. “ಅಯ್ಯೋ ಮೇಷ್ಟ್ರೆ! ಇವ್ರ ಮಾತ್ನಾಗೆ ಪಟ್ಟಿ ಅಂದ್ರೆ ನಾಯಿ ಕಣ್ಲಾ! ಪೂಚೆ ಅಂದ್ರೆ ಬೆಕ್ಕು!” ಅವನು ಜಗಲಿಯ ಮೇಲೆ ಉರುಳಾಡಿ ನಗತೊಡಗಿದ. ಕಣಾರನ್‌ಗೂ ಅರ್ಥವಾಯಿತು, ಬೀದಿಗೂ ಅರ್ಥವಾಯಿತು. ಆ ನಗುವಿನ ಮಧ್ಯೆ ದೂರದಲ್ಲಿ ರೈಲು ಕೂಗಿಕೊಂಡು ಹೊರಟುಹೋಯಿತು.

ನಾನು ನಾಯಿಯನ್ನು ಕೆಳಗಿಳಿಸಿ ಅವ್ವನ ಮುಂದೆ ತಲೆ ತಗ್ಗಿಸಿ ನಿಂತೆ. “ಕಲ್ಲಿಕೋಟೆ ಸಮುದ್ರ ತಪ್ಪಿತು ಅವ್ವ.”

ಅವಳು ತೆಂಗಿನ ಮರಗಳ ಸಂದಿಯಲ್ಲಿ ಹೊಳೆಯುತ್ತಿದ್ದ ನೀರಿನ ಕಡೆ ಕೈ ತೋರಿಸಿದಳು. “ಅದೇನ್ಲಾ ಅದು?”

“ಅದು ತಲಚೇರಿ ಸಮುದ್ರ.”

“ಅದ್ಕೂ ಕಲ್ಲಿಕೋಟೇದ್ಕೂ ನಡುವೆ ಏರಿ ಕಟ್ಟವ್ರಾ?”

ಭೂಗೋಳ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವನು ನಾನು. ಅವ್ವ ಸೊಸೆಯ ಕೈ ಹಿಡಿದು ಆಗಲೇ ನಡೆದಿದ್ದಳು. ಅತ್ತೆ ಸೊಸೆ ಇಬ್ಬರೂ ನೀರಿಗಿಳಿದರು. ಅಲೆ ಅವ್ವನನ್ನು ಕೆಡವಿತು, ಎತ್ತಿತು, ಮತ್ತೆ ಕೆಡವಿತು. “ಅವ್ವಯ್ಯಾ!” ಎಂದು ಅವಳು ಕೂಗಿ ನಕ್ಕ ನಗುವನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಗೌರಿ ಬಿಸಿಲು ಇಳಿಯುವವರೆಗೆ ಮರಳಿನ ಮೇಲೆ ಕೂತಿದ್ದಳು, ಏಳು ಎನ್ನಲು ನನ್ನ ಬಳಿ ಯಾವ ಕಾಗದವೂ ಇರಲಿಲ್ಲ. ಕಿವಿ ಹರಿದ ನಾಯಿ ನನ್ನ ಪಕ್ಕದಲ್ಲೇ ಮಲಗಿತ್ತು. ಹುಡುಕಿಸಿದ ಮೇಲೆ ನಾನೇ ಅದರ ಯಜಮಾನನೆಂದು ಅದು ತೀರ್ಮಾನಿಸಿದಂತಿತ್ತು.

ಉಳಿದ ಎರಡು ದಿನವೂ ನಾವು ಅಲ್ಲೇ ಇದ್ದೆವು. ಇಡೀ ಪ್ರವಾಸ ಅಂದುಕೊಂಡದ್ದಕ್ಕಿಂತ ಅಗ್ಗದಲ್ಲಿ ಮುಗಿಯಿತು ಎಂಬುದೊಂದೇ ನನ್ನ ವ್ಯವಸ್ಥೆಗೆ ದೊರೆತ ಸಮಾಧಾನ. ಊರಿಗೆ ಬಂದ ಮೇಲೆ ಗೌರಿ ರಾಗಿಹಿಟ್ಟಿನ ಚೀಲ ಕೊಡವಿ, ಹಿಟ್ಟು ಮೆತ್ತಿದ ಹಾಳೆಯೊಂದನ್ನು ನನ್ನ ಮುಂದೆ ಇಟ್ಟಳು. ಅದೇ ಪಟ್ಟಿ!

“ನಿನ್ನ ಹತ್ತಿರ ಇತ್ತಾ! ಅವತ್ತೇ ಯಾಕೆ ಕೊಡಲಿಲ್ಲ?”

“ನೀವು ಕೇಳ್ನಿಲ್ವಲ್ಲ” ಎಂದಳು. “ಅತ್ತೇನ್ ಕೇಳುದ್ರಿ, ಮಾವನ್ ಕೇಳುದ್ರಿ, ಕಡೀಕೆ ಬೀದಿ ನಾಯ್ಗೋಳ್ನೆಲ್ಲ ಕೇಳುದ್ರಿ.”

ದಿನಚರಿ ತೆರೆದು ನೋಡಿದೆ. ಆ ಬೆಳಿಗ್ಗೆ ಯಾರಾರನ್ನು ವಿಚಾರಿಸಿದೆನೆಂದು ಬರೆದುಕೊಂಡ ಕಡೆ ಅವಳ ಹೆಸರು ಇರಲೇ ಇಲ್ಲ. ಆಗಲೂ ಜಾಗ ಸಾಲದೇ ಹೋಗಿರಬೇಕು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ. ಮದುವೆಯಾದಾಗಿನಿಂದ ಗೌರಿ ನನ್ನನ್ನು ‘ಇವರು’, ‘ಅವರು’ ಎಂದು ತಡವರಿಸುತ್ತಿದ್ದಳು. ಈಗ ಆ ತೊಂದರೆ ಇಲ್ಲ. ಶನಿವಾರ ಸಂಜೆ ಶಾಲೆ ಮುಗಿಸಿ ಭೇರ್ಯಕ್ಕೆ ಬಂದು ನಾನು ಹೊಸ್ತಿಲು ದಾಟಿದರೆ ಸಾಕು, ಒಳಗೆ ಅವಳ ದನಿ ಕೇಳಿಸುತ್ತದೆ: “ಪಟ್ಟಿ ಬಂದವ್ರೆ ಕಣತ್ತೆ, ಇಟ್ಟು ಇಕ್ಲಾ?” ನೆರೆಹೊರೆಯವರು ಇದು ನನ್ನ ಶಿಸ್ತಿಗೆ ಮನೆಯಲ್ಲಿ ಸಂದ ಬಿರುದು ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ. ಕೈಕಾಲು ತೊಳೆದುಕೊಂಡು, ಸದ್ದು ಮಾಡದೆ, ಅಡಿಗೆಮನೆಯ ಬಾಗಿಲ ಪಕ್ಕ ಹೋಗಿ ಕೂರುತ್ತೇನೆ.