ಭಾನುವಾರದ ಮದುವೆಯನ್ನು ಶನಿವಾರವೆಂದು ಓದಿದವರಿಗೆ

ಗೆ,
ದಿನಾಂಕ ಮತ್ತು ಸಮಯವನ್ನು ಓದಿ ಅರ್ಥ ಮಾಡಿಕೊಳ್ಳುವ ಸಾಫ್ಟ್‌ವೇರ್ ಅವರು,
ಬುಕಿಂಗ್ ಕಂಪ್ಯೂಟರಿನ ಒಳಮನೆ,
ಸಭಾಭವನದ ಕಚೇರಿ, ಕಿಟಕಿ ಪಕ್ಕದ ಮೇಜು.

ಮಾನ್ಯರೇ,

ಈ ಭವನದ ಮೇಲ್ವಿಚಾರಕನಾದ ನಾನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಕ್ಷೇಮವಾಗಿರುವಿರೆಂದು ಕಂಪ್ಯೂಟರಿನ ಹಸಿರು ದೀಪದಿಂದ ತಿಳಿದು ಸಂತೋಷವಾಯಿತು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕೃಪೆಯಿಂದ ಎಲ್ಲರಿಗಿಂತ ಒಂದು ದಿನ ಮೊದಲೇ ಕ್ಷೇಮ.

ಈ ಕಥೆಯನ್ನು ಮೊದಲು ಹೇಳಿದ್ದು ನಾನಲ್ಲ, ನನ್ನ ಸೋದರತ್ತೆ. ಹೇಳಿದ್ದು ಅದೇ ಶನಿವಾರ ಮಧ್ಯಾಹ್ನ, ಇದೇ ಭವನದಲ್ಲಿ, ಮದುವೆಯೇ ಆಗದ ಮದುವೆಯೂಟವನ್ನು ಉಂಡು ಎಲೆ ಮುಂದೆ ಕೂತಿದ್ದ ನೆಂಟರಿಗೆ. ಆಕೆ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ತಮ್ಮ ಪಾದಕ್ಕೆ ಒಪ್ಪಿಸಬೇಕೆಂದಿದ್ದೆ. ಆದರೆ ಅತ್ತೆ ತಮ್ಮ ಬಗ್ಗೆ ಬಳಸಿದ ಕೆಲವು ಮಾತುಗಳು ಅಕ್ಷರದಲ್ಲಿ ಹಿಡಿಸುವಂಥವಲ್ಲವಾದ್ದರಿಂದ, ಅವುಗಳನ್ನು ಸೋಸಿ ಬರೆಯುತ್ತಿದ್ದೇನೆ.

ಮೊದಲಿಗೆ ತಮ್ಮ ಶಿಸ್ತನ್ನು ಹೊಗಳದೆ ಮುಂದೆ ಹೋದರೆ ನನ್ನ ನಾಲಿಗೆಗೆ ಒಳ್ಳೆಯದಾಗುವುದಿಲ್ಲ. ತಮ್ಮನ್ನು ಕರೆತಂದು ಕೂರಿಸಿದ ಮೊದಲ ದಿನ ನಾನು ಹಳೆಯ ಅಭ್ಯಾಸದಂತೆ ‘ಬರೋ ಭಾನುವಾರ’ ಎಂದು ಬರೆದಾಗ, ಮೈಲಿಗೆಯಾದವರಂತೆ ಕೆಂಪಾಗಿ ‘ಅಮಾನ್ಯ ದಿನಾಂಕ’ ಎಂದಿರಿ. ದಿನ, ತಿಂಗಳು, ವರ್ಷ ಎಂದು ಬರೆದೆ, ಕೆಂಪಾದಿರಿ. ವರ್ಷವನ್ನು ಮುಂದಕ್ಕೆ ತಂದು, ತಿಂಗಳಿಗೆ ಬರೀ ಎಂಟು ಎಂದು ಬರೆದೆ, ಎಂಟರ ಹಿಂದೆ ಸೊನ್ನೆಯಿಲ್ಲವೆಂದು ಮತ್ತೆ ಕೆಂಪಾದಿರಿ. ಬೆಲೆಯಿಲ್ಲದ ಸೊನ್ನೆಗೆ ಇಷ್ಟು ಮರ್ಯಾದೆ ಕೊಡುವವರನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಇಷ್ಟು ನಿಷ್ಠುರರಾದ ತಾವು, ನಾನು ಪರೀಕ್ಷೆಗೆಂದು ಫೆಬ್ರವರಿ ಮೂವತ್ತೊಂದು ಎಂದು ಬರೆದಾಗ ಮಾತ್ರ ಕಣ್ಣು ಮಿಟುಕಿಸದೆ ಒಪ್ಪಿಕೊಂಡು ಮಾರ್ಚ್ ಮೂರಕ್ಕೆ ಕಳಿಸಿಕೊಟ್ಟಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಮ್ಮ ಹಳ್ಳಿಯಲ್ಲೂ ಇದ್ದರು, ಆದರೆ ಕರು ಹೋರಿಯೋ ಕಡಸೋ ಎಂದಾದರೂ ಅವರು ಒಂದು ಮಾತು ಕೇಳುತ್ತಿದ್ದರು.

ಇನ್ನು ಅಹವಾಲು. ತಮ್ಮ ಬಳಿ ಬಂದ ಆ ದಿನಾಂಕ ನನ್ನ ಅಕ್ಕನ ಮದುವೆಯದು.

ಅಕ್ಕ ದರ್ಜಿ. ಪೇಟೆಯ ಮೂಲೆಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು, ತಲೆಗೂದಲು ಅರ್ಧ ನರೆಯುವವರೆಗೆ ಊರವರ ಮದುವೆ ಬಟ್ಟೆಗಳನ್ನೆಲ್ಲ ಹೊಲಿದವಳು. ದರ್ಜಿಗಳ ಕುಲದಲ್ಲೇ ಯಾರೂ ಕಂಡುಕೇಳರಿಯದ ಒಂದು ದುರ್ಗುಣ ಆಕೆಗಿದೆ: ಶುಕ್ರವಾರ ಕೊಡುತ್ತೇನೆ ಎಂದರೆ ಶುಕ್ರವಾರವೇ ಕೊಡುತ್ತಾಳೆ. ಈ ರೋಗ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ. ಪ್ರಾಯದಲ್ಲಿ ಆಕೆಗೆ ಗೊತ್ತಾಗಿದ್ದ ಗಂಡು ಒಮ್ಮೆ ತಾಯಿಯ ಮಂಡಿನೋವೆಂದು ದಿನ ಮುಂದೂಡಿದ, ಇನ್ನೊಮ್ಮೆ ವರ್ಗಾವಣೆಯೆಂದು ಮುಂದೂಡಿದ, ಕೊನೆಗೆ ಗೊತ್ತಾದ ದಿನ ‘ಇನ್ನೊಂದು ದಿನ ನೋಡೋಣ’ ಎಂದು ಫೋನು ಮಾಡಿದ. ಅಕ್ಕ ಇದೇ ಭವನದ ಬಾಗಿಲಲ್ಲಿ, ಮುಡಿದ ಹೂವು ಬಾಡಿ ಕತ್ತಿಗೆ ಅಂಟುವವರೆಗೆ ನಿಂತಿದ್ದಳು. ನೆಂಟರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು. ಖಾಲಿ ಭವನದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿದವಳೂ ಆಕೆಯೇ. ಆಮೇಲೆ ಮದುವೆಯ ಮಾತೆತ್ತಿದರೆ ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುತ್ತಿದ್ದಳು, ಉತ್ತರ ಹೇಳಲಾಗದಂತೆ.

ಹೀಗಿರುವಾಗ ಬಸ್ ನಿಲ್ದಾಣದ ಟೈಮ್‌ಕೀಪರ್ ಒಂದು ಪ್ಯಾಂಟು ತಂದುಕೊಟ್ಟರು. ಸೀಟಿ ಊದಿ ಬಸ್ಸು ಹೊರಡಿಸುವವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದ್ದವರು. ಅಕ್ಕ ಶುಕ್ರವಾರ ಎಂದಳು, ಅವರು ಶುಕ್ರವಾರ ಬಂದರು. ಆಮೇಲೆ ಅವರ ಪ್ಯಾಂಟುಗಳು ವಾರಕ್ಕೊಂದರಂತೆ ಹರಿಯತೊಡಗಿದವು, ಪ್ರತಿಸಲವೂ ಹೇಳಿದ ದಿನಕ್ಕೆ ಅವರು ಅಂಗಡಿಯ ಮೆಟ್ಟಿಲ ಮೇಲಿದ್ದರು. ಒಂದು ಸಂಜೆ ಅಕ್ಕ ಬಾಯಿಂದ ಗುಂಡುಸೂಜಿ ತೆಗೆದು, “ಹೇಳಿದ ದಿನಕ್ಕೆ ಬಂದ ಮೊದಲನೇ ಗಂಡಸು ಕಣೋ ಇವರು” ಎಂದಳು. ನಾನು ಕುಣಿದಾಡಿದೆ. ಆಕೆ ಮಾತ್ರ ಕಡ್ಡಿ ಮುರಿದಂತೆ ಒಂದು ಷರತ್ತು ಹಾಕಿದಳು: “ದಿನ ಒಂದೇ ಸಲ ಇಡೋದು. ಅದು ಆಚೀಚೆ ಆದರೆ ಈ ಜನ್ಮದಲ್ಲಿ ನನ್ನ ಹತ್ರ ಮದುವೆ ಮಾತು ಎತ್ತಕೂಡದು.”

ಭಾನುವಾರ ಎಂದು ಇಟ್ಟೆವು. ನಾನು ತಮ್ಮೆದುರು ಕೂತು, ವರ್ಷವನ್ನು ಮುಂದಿಟ್ಟು, ಸೊನ್ನೆಗಳಿಗೆಲ್ಲ ಕೈಮುಗಿದು ದಿನಾಂಕ ಬರೆದೆ. ಪಕ್ಕದಲ್ಲಿ ಸಮಯ ಎಂಬ ಚೌಕವಿತ್ತು, ಅದನ್ನು ಖಾಲಿ ಬಿಟ್ಟು ‘ದಿನವಿಡೀ’ ಎಂಬುದನ್ನು ಒತ್ತಿದೆ. ನಮ್ಮ ಮನೆತನದಲ್ಲಿ ಮದುವೆಗೆ ಯಾರೂ ಗಂಟೆ ಹೇಳಿದವರಲ್ಲ. ಎಂಟಕ್ಕೆ ಎಂದರೆ ಹನ್ನೊಂದಕ್ಕೆ ಬರುವ ನೆಂಟರಿಗೆ ದಿನವಿಡೀ ಎನ್ನುವುದೇ ಲೇಸು ಎಂಬುದು ನನ್ನ ತಂದೆಯವರು ಕಂಡುಕೊಂಡಿದ್ದ ಸತ್ಯ. ಆಮೇಲೆ ನೆಂಟರ, ಅಡುಗೆಯವರ, ವಾದ್ಯದವರ, ಗಂಡಿನ ಕಡೆಯವರ ಫೋನ್ ನಂಬರುಗಳನ್ನು ತುಂಬಿಸಿ, ಹಿಂದಿನ ಸಂಜೆ ಎಲ್ಲರಿಗೂ ನೆನಪೋಲೆ ಕಳಿಸುವ ಭಾರವನ್ನು ತಮ್ಮ ಮೇಲೆ ಹಾಕಿ ನಿಶ್ಚಿಂತನಾದೆ. ಹೆಣ್ಣಿನ ನಂಬರನ್ನು ತುಂಬಿಸಲಿಲ್ಲ. ತನ್ನ ಮದುವೆಗೆ ತನ್ನನ್ನೇ ಕರೆಯುವ ಪದ್ಧತಿ ಎಲ್ಲಿಯೂ ಇರಲಾರದು.

ಶುಕ್ರವಾರ ಸಂಜೆ ನನ್ನ ಫೋನಿಗೆ ‘ಬಂದೇ ಬರ್ತೀವಿ’, ‘ಬಂದೇ ಬರ್ತೀವಿ’ ಎಂದು ಸಂದೇಶಗಳ ಸುರಿಮಳೆಯಾದಾಗ, ಅಕ್ಕನ ಮೇಲೆ ಜನಕ್ಕೆ ಎಷ್ಟು ಪ್ರೀತಿ ಎಂದು ನಾನು ಕಣ್ಣೊರೆಸಿಕೊಂಡದ್ದನ್ನು ತಾವು ಗಮನಿಸಿರಬಹುದು.

ಮಾನ್ಯರೇ, ಶನಿವಾರ ಬೆಳಗ್ಗೆ ನೆಲ ಒರೆಸಲೆಂದು ಭವನದ ಬೀಗ ತೆಗೆಯಲು ಬಂದರೆ, ಅಂಗಳದಲ್ಲಿ ರೇಷ್ಮೆಯ ರಾಶಿ. ವಾದ್ಯದವರು ನನ್ನನ್ನು ಕಂಡದ್ದೇ ಊದತೊಡಗಿದರು. ಅಡುಗೆಯವನು ಗಾಡಿಯಿಂದ ಹೆಚ್ಚಿದ ತರಕಾರಿಯ ಬುಟ್ಟಿ ಇಳಿಸುತ್ತಿದ್ದ. ಇವತ್ತಲ್ಲ, ನಾಳೆ ಎಂದು ನಾನು ಬಡಿದುಕೊಂಡರೆ ಎಲ್ಲರೂ ಫೋನನ್ನು ನನ್ನ ಮೂಗಿಗೆ ಹಿಡಿದರು. ‘ಬಾಯಲ್ಲಿ ಭಾನುವಾರ ಅಂತಲೇ ಹೇಳಿದ್ದೆನಲ್ಲ’ ಎಂದು ನಾನೆಂದರೆ ಅತ್ತೆ, “ಬಾಯಿ ಮಾತು ಗಾಳಿಗೆ ಹೋಯ್ತು, ಫೋನಿಗೆ ಬಂದದ್ದು ಕಾಣಿಸ್ತಿದೆಯಲ್ಲೋ” ಎಂದಳು. ಹಾಗೆ ನೋಡಿದರೆ ನನ್ನ ಅಜ್ಜ, ಅಪ್ಪ, ನಾನು, ಮೂರು ತಲೆಮಾರಿನವರು ಪ್ರತಿ ಮದುವೆಗೂ ‘ಹಿಂದಿನ ದಿನವೇ ಬಂದುಬಿಡಿ’ ಎಂದು ಎಲ್ಲರನ್ನೂ ಬಾಯಿತುಂಬ ಕರೆಯುತ್ತ ಬಂದಿದ್ದೇವೆ, ಒಬ್ಬ ನೆಂಟನೂ ಬಂದದ್ದಿಲ್ಲ. ಆ ಉಪಚಾರದ ಮಾತನ್ನು ಮೊಟ್ಟಮೊದಲು ನಿಜ ಮಾಡಿ ತೋರಿಸಿದವರು ತಾವು. ತಮ್ಮ ಭಾವಚಿತ್ರವೇನಾದರೂ ಇದ್ದರೆ ಊಟದ ಮನೆಯಲ್ಲಿ ತೂಗುಹಾಕುವ ಆಸೆಯಿದೆ.

ರೇಷ್ಮೆಯ ರಾಶಿಯ ನಡುವೆ, ಹೊಸ ಪ್ಯಾಂಟು ತೊಟ್ಟು, ಕತ್ತಿನಲ್ಲಿ ಸೀಟಿ ಇಳಿಬಿಟ್ಟುಕೊಂಡು, ಟೈಮ್‌ಕೀಪರ್ ಭಾವ ನಿಂತಿದ್ದರು. ಅವರಿಗೂ ತಮ್ಮ ಓಲೆ ಹೋಗಿತ್ತು.

ನಾನು ಅಕ್ಕನ ಮನೆಗೆ ಓಡಿದೆ. ಆಕೆ ತಲೆಗೆ ಕಪ್ಪು ಬಣ್ಣ ಮೆತ್ತಿಕೊಂಡು, ಹಳೆಯ ಟವಲು ಸುತ್ತಿಕೊಂಡು, ತನ್ನ ಸೀರೆಯ ಅಂಚು ಹೊಲಿಯುತ್ತ ಕೂತಿದ್ದಳು. ಇವತ್ತೇ ಎಲ್ಲರೂ ಬಂದಿದ್ದಾರೆ, ಭಾವನೂ ಬಂದಿದ್ದಾರೆ, ಒಂದು ಗಳಿಗೆ ಬಂದು ಮುಗಿಸಿಬಿಡು ಎಂದು ಕಾಲು ಹಿಡಿದೆ. ಆಕೆ ಕೇಳಿಸಿಕೊಂಡದ್ದು ಒಂದೇ ಮಾತು. “ಇವರೂ ಬೇರೆ ದಿನ ಬಂದರಾ?” ಎಂದಳು, ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ. ಆಮೇಲೆ, “ನಾನು ಮಾತು ಕೊಟ್ಟದ್ದು ಭಾನುವಾರಕ್ಕೆ ಕಣೋ. ನಾಳೆ ಹೋಗಿ ಬಾಗಿಲಲ್ಲಿ ನಿಲ್ತೀನಿ. ಒಂದು ಸಲ ಬಂದು ಹೋದವರು ಇನ್ನೊಂದು ಸಲ ಬರಲ್ಲ ಅಂತ ನನಗೆ ಗೊತ್ತು. ಖಾಲಿ ಭವನ ನನಗೇನು ಹೊಸದಾ?” ಎಂದು ಬಾಯಿಗೆ ಗುಂಡುಸೂಜಿ ಇಟ್ಟುಕೊಂಡಳು.

ದಾರಿಯಲ್ಲೇ ನಿಂತು ತಮ್ಮನ್ನು ಹೆತ್ತ ಕಂಪನಿಗೆ ಫೋನು ಮಾಡಿದೆ. ಅಲ್ಲಿನ ಹೆಣ್ಣುಮಗಳು ಬಹಳ ಸಮಾಧಾನದಿಂದ ತಮ್ಮ ಲೀಲೆಯನ್ನು ಬಿಡಿಸಿ ಹೇಳಿದಳು. ಸಮಯ ಹೇಳದವರಿಗೆ ತಾವು ನಡುರಾತ್ರಿಯ ಸೊನ್ನೆ ಗಂಟೆಯನ್ನು ಕೊಡುತ್ತೀರಂತೆ. ಆಮೇಲೆ ಅದನ್ನು ಜಗತ್ತಿಗೆಲ್ಲ ಒಂದೇ ಎಂದು ಒಪ್ಪಿಕೊಂಡ ಸೊನ್ನೆ ಊರಿನ ಗಡಿಯಾರಕ್ಕೆ ಬದಲಾಯಿಸುತ್ತೀರಂತೆ. ನಮಗೆ ಭಾನುವಾರ ಹುಟ್ಟುವಾಗ ಆ ಊರಲ್ಲಿ ಇನ್ನೂ ಶನಿವಾರವಂತೆ. ಬರೆದಿಟ್ಟುಕೊಳ್ಳುವಾಗ ದಿನಕ್ಕೂ ಗಂಟೆಗೂ ನಡುವೆ ಒಂದು ‘ಟಿ’ ಅಕ್ಷರವನ್ನು ಗೋಡೆಯಂತೆ ಎಬ್ಬಿಸಿ, ಬೇಕಾದಾಗ ಗೋಡೆಯಾಚೆಯದನ್ನೆಲ್ಲ ಕತ್ತರಿಸಿ ಎಸೆದು, ಉಳಿದ ಶನಿವಾರವನ್ನು ನಮ್ಮ ಕೈಗೆ ಕೊಟ್ಟಿರಂತೆ. ಸಂಜೆ ಆರು ಎಂದು ಗಂಟೆ ಬರೆದು ಬುಕ್ ಮಾಡಿದ ಸಂಗೀತ ಕಚೇರಿಗಳಿಗೆ ಏನೂ ಆಗದೆ, ದಿನವಿಡೀ ಎಂದವರಿಗೆ ಮಾತ್ರ ಹೀಗಾದದ್ದು ಇದರಿಂದಂತೆ. “ಸರ್, ಅದು ಸ್ಟ್ಯಾಂಡರ್ಡ್ ಪ್ರಕಾರವೇ ಇದೆ” ಎಂದಳು ಮಗು. ಅಳತೆ ಸರಿಯಾಗಿಯೇ ತೆಗೆದು, ಪಕ್ಕದ ಮನೆಯವರ ಅಂಗಿ ಹೊಲಿದುಕೊಟ್ಟಂತೆ ಎಂದು ನನಗೆ ಅನ್ನಿಸಿತು, ಆದರೂ ಆಕೆಗೆ ಧನ್ಯವಾದ ಹೇಳಿದೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಸಣ್ಣಪುಟ್ಟ ಬೇಡಿಕೆಗಳಿವೆ. ಆ ಸೊನ್ನೆ ಊರನ್ನು ದಯಮಾಡಿ ನಮ್ಮ ಭವನದ ಹಿತ್ತಿಲಿಗೆ ವರ್ಗಾಯಿಸಬೇಕು. ಬಾವಿ ಪಕ್ಕ ಜಾಗ ಖಾಲಿಯಿದೆ, ನೆರಳೂ ಇದೆ. ಕತ್ತರಿಸಿ ಎಸೆದ ಗಂಟೆಗಳನ್ನೆಲ್ಲ ಒಟ್ಟುಮಾಡಿ ಒಂದು ಮೂಟೆ ಕಟ್ಟಿಟ್ಟರೆ, ಅಕ್ಕ ಅವನ್ನು ಹೊಲಿದು ಒಂದು ಪೂರ್ತಿ ಭಾನುವಾರ ಮಾಡಿಕೊಡುತ್ತಾಳೆ, ಹೇಳಿದ ದಿನಕ್ಕೇ. ಇನ್ನು ನನ್ನ ಜನ್ಮದಿನವನ್ನು ತಾವು ಓದಿದಂತೆ ಓದಿದರೆ ನಾನು ಒಂದು ದಿನ ಹಿರಿಯನಾಗುತ್ತೇನಾದ್ದರಿಂದ, ಇಂದಿನಿಂದ ತಾವು ನನ್ನನ್ನು ಅಣ್ಣ ಎಂದು ಕರೆಯತಕ್ಕದ್ದು.

ನಾನು ಭವನಕ್ಕೆ ಮರಳಿದಾಗ ಅಡುಗೆಯವನು, ಹೆಚ್ಚಿದ ತರಕಾರಿ ಮುಹೂರ್ತ ಕೇಳುವುದಿಲ್ಲ ಎಂದು ಬಡಿಸಿಬಿಟ್ಟಿದ್ದ. ಎಲ್ಲರೂ ಉಂಡಿದ್ದರು. ಅಕ್ಕನ ಮಾತನ್ನು ಭಾವನಿಗೆ ಹೇಗೆ ಹೇಳುವುದೆಂದು ಬೆವರುತ್ತಲೇ ಹೇಳಿದೆ. ಅವರು ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿ, “ಬಸ್ಸು ಮೊದಲೇ ಬಂದರೆ ತಪ್ಪಲ್ಲಪ್ಪ, ಮೊದಲೇ ಹೊರಟರೆ ತಪ್ಪು. ನಾನಿನ್ನೂ ಹೊರಟಿಲ್ಲವಲ್ಲ” ಎಂದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತವರು ಕೂತೇಬಿಟ್ಟರು.

ಆಗ ನೆಂಟರಲ್ಲಿ ಕೆಲವರು ಚಪ್ಪಲಿಯ ಕಡೆ ಕಣ್ಣು ಹಾಯಿಸತೊಡಗಿದ್ದರು. ನಾಳೆ ಮತ್ತೆ ಯಾರು ಬರುತ್ತಾರೆ, ಊಟವಂತೂ ಆಯಿತಲ್ಲ ಎಂಬ ಮಾತು ಕೇಳಿಬಂತು. ಅತ್ತೆ ಎಂಜಲು ಕೈಯಲ್ಲೇ ಎದ್ದು ನಿಂತು ಕಥೆ ಶುರುಮಾಡಿದ್ದು ಅಲ್ಲಿಂದಲೇ. ಬಾಡಿದ ಹೂವಿನಿಂದ ಹಿಡಿದು ಗುಂಡುಸೂಜಿಯವರೆಗೆ, ಪ್ಯಾಂಟಿನಿಂದ ಹಿಡಿದು ತಮ್ಮವರೆಗೆ, ನಗಿಸಿ, ಬೈದು, ಅಳಿಸಿ ಹೇಳಿದಳು. ಕೊನೆಗೆ, “ಅವತ್ತು ಚಪ್ಪಲಿ ಹುಡುಕಿಕೊಂಡು ಹೋದವರಲ್ಲಿ ನಾನೂ ಒಬ್ಬಳು. ಇವತ್ತು ನನ್ನ ಚಪ್ಪಲಿ ಇಲ್ಲೇ ಇರ್ತದೆ” ಎಂದು ಕೈತೊಳೆಯಲು ಹೋದಳು.

ಈ ಗದ್ದಲದಲ್ಲಿ, ಸೋಮವಾರಕ್ಕೆ ದಿನವಿಡೀ ಬುಕ್ ಮಾಡಿದ್ದ ಮಕ್ಕಳ ಚದುರಂಗ ಸ್ಪರ್ಧೆಯವರಿಗೂ ತಾವು ಓಲೆ ಕಳಿಸುವಿರೆಂಬುದು ನನಗೆ ಹೊಳೆಯಲೇ ಇಲ್ಲ. ಭಾನುವಾರ ಬೆಳಗಾಗುತ್ತಲೇ ಅವರು ಹಲಗೆ, ಕಾಯಿ, ಗುಂಡಿ ಒತ್ತುವ ಗಡಿಯಾರಗಳ ಸಮೇತ ಬಂದಿಳಿದರು. ಅವರ ತೀರ್ಪುಗಾರ್ತಿ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ಹೆಂಗಸು. ವಿಷಯವನ್ನೆಲ್ಲ ಕೇಳಿ, “ಮದುವೆ ಮಾಡ್ಕೊಳ್ಳಿ, ಸದ್ದು ಮಾತ್ರ ಮಾಡಬೇಡಿ” ಎಂದು ತುಟಿಗೆ ಬೆರಳಿಟ್ಟಳು. ವಾದ್ಯದವರು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಹಾಗೆಯೇ ಕೂತರು.

ಅಕ್ಕ ಬಂದಳು. ಅಂಗಳಕ್ಕೆ ಬಂದಾಗ ಒಳಗಿನಿಂದ ಒಂದು ಪಿಸುಮಾತೂ ಇಲ್ಲ. ಆಕೆ ಮೆಟ್ಟಿಲ ಬಳಿ ನಿಂತುಬಿಟ್ಟಳು. ನನ್ನ ಕಡೆ ತಿರುಗಿ, ನಾನು ಹೇಳಿರಲಿಲ್ಲವಾ ಎಂಬಂತೆ ನಕ್ಕಳು. ಆಮೇಲೆ ನೆಲ ನೋಡಿದಳು. ಬಾಗಿಲಾಚೆ ಈಚೆ, ಒಂದರ ಮೇಲೊಂದು, ಅತ್ತೆಯ ಹವಾಯಿಯಿಂದ ಹಿಡಿದು ಚದುರಂಗದ ಮಕ್ಕಳ ಶೂಗಳವರೆಗೆ, ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿಗಳು.

ಕಥೆ ಕೇಳಿದವರು ಮರುದಿನ ಬೆಳಗ್ಗೆ ಮಾಡಿದ್ದು ಇಷ್ಟೇ: ನಿನ್ನೆಯ ಸುಕ್ಕುಗಟ್ಟಿದ ರೇಷ್ಮೆಯಲ್ಲಿ, ಒಬ್ಬರೂ ತಪ್ಪದೆ, ಒಂದು ಸದ್ದೂ ಮಾಡದೆ ಎದ್ದು ನಿಂತರು. ಭಾವ ಕುರ್ಚಿ ಬಿಟ್ಟು ಎದ್ದರು. ಅಕ್ಕ ಅವರ ಕತ್ತಿನ ಸೀಟಿಯನ್ನು ತೆಗೆದು ತನ್ನ ಸೆರಗಿನ ತುದಿಗೆ ಗಂಟುಹಾಕಿಕೊಂಡಳು, ಆಮೇಲೆ ಇಬ್ಬರೂ ಕೈ ಕೈ ಹಿಡಿದರು. ಅದೇ ಕ್ಷಣಕ್ಕೆ ಮಕ್ಕಳೆಲ್ಲ ಆಟ ನಿಲ್ಲಿಸಿ, ತಂತಮ್ಮ ಗಡಿಯಾರದ ಗುಂಡಿಗಳನ್ನು ಒಟ್ಟಿಗೆ ಒತ್ತಿದರು. ಟಕ್. ಮದುವೆಯಲ್ಲಿ ಆದ ಸದ್ದು ಅದೊಂದೇ.

ಇಂತಿ,
ತಮ್ಮ ವಿಶ್ವಾಸಿ, ಅದೂ ಸಮಯ ನಮೂದಿಸಿದ ದಿನಗಳಂದು ಮಾತ್ರ,
ಸಭಾಭವನದ ಮೇಲ್ವಿಚಾರಕ

ವಿ.ಸೂ.: ಈ ಪತ್ರವನ್ನು ನಾನು ಇಂದು ಬರೆದು, ದಿನಾಂಕ ಹಾಕಿ, ಸಮಯದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಹಾಗಾಗಿ ತಾವು ಇದನ್ನು ನಿನ್ನೆಯೇ ಓದಿರುತ್ತೀರಿ. ಆದರೂ ತಮ್ಮಿಂದ ಇಂದಿನವರೆಗೆ ಉತ್ತರ ಬರಲಿಲ್ಲವೆಂಬುದನ್ನು ವಿಷಾದದಿಂದ ತಿಳಿಸುತ್ತ, ವಿಳಂಬಕ್ಕೆ ಕಾರಣ ಕೇಳುತ್ತಿದ್ದೇನೆ. ಉತ್ತರಕ್ಕೆ ಕೊನೆಯ ದಿನ ಫೆಬ್ರವರಿ ಮೂವತ್ತೊಂದು.