ಒಂದು ಚಿಟಿಕೆ ಸತು

ಕೊಪ್ಪದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಯೊಂದರ ನೀರು ತುಸು ಹಳದಿಯಾದ ಘಟನೆ ವರದಿಯಾಗಿದೆ. ಯಾರಿಗೂ ಗಾಯಗಳಾಗಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದೆ.

ಆ ನೀರು ನನ್ನದು. ಅಲ್ಲಿ ಪಾಠ ಮಾಡುತ್ತಾ ಕೃತಕ ಕಿಣ್ವ ಕಟ್ಟುತ್ತಿದ್ದೆ. ಹೊಟ್ಟೆಯಲ್ಲಿ ಅನ್ನ ಕರಗಿಸುವ ಕಿಣ್ವಗಳಿವೆಯಲ್ಲ, ಆ ಜಾತಿಯದನ್ನು ಕೈಯಾರೆ ಮಾಡುವುದು. ಪ್ರೋಟೀನಿನ ತುಣುಕುಗಳು ಸುಮ್ಮನೆ ಒಂದಾಗುವುದಿಲ್ಲ. ನಡುವೆ ಒಂದಿಷ್ಟು ಸತು ಬಿಟ್ಟರೆ ಅದನ್ನು ಹಿಡಿದುಕೊಂಡು ತಾವೇ ಜೋಡಣೆಯಾಗಿ ಕೆಲಸಕ್ಕೆ ನಿಲ್ಲುತ್ತವೆ. ಕೆಲಸ ನಡೆದರೆ ನೀರು ಹಳದಿಯಾಗುತ್ತದೆ. ಪರಿಶೀಲನಾ ಸಮಿತಿ ನೋಡಿ ಒಪ್ಪಿದರೆ ಸಂಶೋಧನೆ ಮುಂದುವರಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಇಂಥದಕ್ಕೆ ಕೈ ಹಾಕಿದವನಿಗೆ ಕೆಳಗಿನಂಥವು ಆಗುತ್ತಲೇ ಇರುತ್ತವೆ.

ಗೊಬ್ಬರದಂಗಡಿ

ಕಾಲೇಜಿನವರು ತರಿಸುತ್ತೇವೆಂದ ಸತುವಿನ ಲವಣ ಬರಲೇ ಇಲ್ಲ. ಎನ್.ಆರ್. ಪುರದ ಗೊಬ್ಬರದಂಗಡಿಗೆ ಹೋಗಿ ಜಿಂಕ್ ಸಲ್ಫೇಟ್ ಕೇಳಿದೆ.

"ಎಷ್ಟು ಎಕರೆಗೆ?" ಅಂದರು ಅಂಗಡಿಯ ಸಾಹೇಬರು.

"ಒಂದು ಚಿಟಿಕೆ ಸಾಕು."

"ತೋಟ ಎಲ್ಲಿ ಬಂತು?"

"ತೋಟ ಇಲ್ಲ. ಕಾಲೇಜಲ್ಲಿ ಮೇಷ್ಟ್ರು. ಪ್ರೋಟೀನು ಜೋಡಿಸೋದಕ್ಕೆ."

ಪೊಟ್ಟಣ ಕಟ್ಟಿ ಕೊಟ್ಟರು, ದುಡ್ಡು ಬೇಡ ಅಂದರು. "ತೋಟವೂ ಇಲ್ಲ, ಮೇಲಿಂದ ಮೇಷ್ಟ್ರು. ನಿಮ್ಮ ಹತ್ರ ಎಂತ ತಗೊಳ್ಳೋದು ಮಾರಾಯ್ರೆ!"

ಬಸ್ಸು

ಕೊಪ್ಪದಲ್ಲಿ ಕರೆಂಟು ಹೋಗಿ ಬಾರದಿದ್ದಾಗ ಪ್ರೋಟೀನನ್ನು ಶೃಂಗೇರಿಯ ಗೆಳೆಯನ ಫ್ರಿಜ್ಜಿನಲ್ಲಿಟ್ಟಿದ್ದೆ. ವಾಪಸು ತರುವಾಗ ಐಸು ತುಂಬಿದ ಫ್ಲಾಸ್ಕು ತೊಡೆಯ ಮೇಲಿತ್ತು.

"ಎಂತ ಸರ್ ಅದು, ಮಗು ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದೀರಿ?" ಅಂದ ಕಂಡಕ್ಟರ್.

"ಪ್ರೋಟೀನು. ನಾಲ್ಕು ವರ್ಷದಿಂದ ಇದರ ಹಿಂದೇ ಇದ್ದೇನೆ."

ಅವನು ನನ್ನ ಸಣಕಲು ತೋಳು ನೋಡಿದ. "ಕಂಪನಿ ಬದಲಾಯಿಸಿ ಸರ್."

ಸಮಿತಿ

ಸಮಿತಿಯ ಎದುರು ಎರಡು ಕೊಳವೆ ಇಡಬೇಕು. ಸತು ಇರುವುದು ಹಳದಿಯಾಗುತ್ತದೆ. ಸತು ಇಲ್ಲದ್ದು ಬಣ್ಣವಿಲ್ಲದೆ ಉಳಿಯುತ್ತದೆ. ಎರಡನೆಯದು ಹಾಗೆ ಉಳಿದರೇ ಮೊದಲನೆಯದಕ್ಕೆ ಬೆಲೆ. ಎರಡನ್ನೂ ಮೇಜಿನ ಮೇಲಿಟ್ಟು ಅತಿಥಿಗಳನ್ನು ಕರೆತರಲು ಗೇಟಿಗೆ ಹೋದೆ.

ಬಂದು ನೋಡಿದರೆ ಮೊದಲನೆಯದು ತಿಳಿ ಹಳದಿ. ಸತುವಿಲ್ಲದ್ದು ಮದುವೆಮನೆಯ ಚಿತ್ರಾನ್ನದ ಹಾಗೆ ಹೊಳೆಯುತ್ತಿತ್ತು.

"ಲೋಹ ಇಲ್ಲದ್ದೇ ಹೆಚ್ಚು ಕೆಲಸ ಮಾಡಿದೆಯಲ್ಲ!" ಅಂದರು ಸಮಿತಿಯ ಅಧ್ಯಕ್ಷರು.

ಪ್ರಾಂಶುಪಾಲರು ನನ್ನ ಕಿವಿಯ ಹತ್ತಿರ ಬಂದರು. "ಅದೊಂದಕ್ಕೆ ಬಣ್ಣವೇ ಬಂದಿರಲಿಲ್ಲ ಮಾರಾಯ. ಬಂದವರೆದುರು ಹಾಗೇ ಇಡೋದು ಚೆಂದ ಅಲ್ಲ ಅಂತ ಕ್ಯಾಂಟೀನಿಂದ ಚೂರು ಅರಿಶಿನ ತರಿಸಿ ಹಾಕ್ದೆ."

ನಾನು ಅದನ್ನೇ ಗಟ್ಟಿಯಾಗಿ ಹೇಳಿದೆ. ಪ್ರಾಂಶುಪಾಲರು ಕಿಟಕಿಯಾಚೆ ನೋಡತೊಡಗಿದರು.

"ಹಾಗಾದರೆ ಇನ್ನೊಂದರಲ್ಲಿ ಅರಿಶಿನ ಇಲ್ಲ ಅಂತ ಹೇಗೆ ನಂಬೋದು?" ಅಂದರು ಅಧ್ಯಕ್ಷರು.

"ಈಗಲೇ ಮತ್ತೆ ಮಾಡಿ ತೋರಿಸ್ತೇನೆ. ಅರ್ಧ ಗಂಟೆ ಕೊಡಿ."

"ಕಡುಬು ಆರಿ ಹೋಗ್ತದೆ," ಅಂದರು ಪ್ರಾಂಶುಪಾಲರು.

ಎಲ್ಲರೂ ಊಟಕ್ಕೆ ಹೋದರು. ಸಂಶೋಧನೆ ಮುಂದಿನ ತಿಂಗಳು ನಿಂತಿತು. ಆ ಕೋಣೆಯಲ್ಲಿ ಈಗ ಕೇರಂ ಬೋರ್ಡುಗಳಿವೆ.